ಮೋಟಾರ್ ಸೈಕಲ್ ಯಾತ್ರೆಗೆ ಹೆಸರು ಕೊಡುವ ಮುನ್ನ

(ಸಂಘದ ಮಾಸಿಕ ಸಭೆಯಲ್ಲಿ ಸಂಘಟಕರು ಮಾಡಿದ ಭಾಷಣದ ಪಾಠ)



ಭಟ್ಟಿ ಆರಿಸಿ, ಮೋರಿ ತೊಳೆದು, ಕೊನೆಯ ಲೋಕಲ್ ಗಾಡಿ ತಪ್ಪೀತೆಂಬ ಚಿಂತೆಯನ್ನೂ ಬದಿಗಿಟ್ಟು ತಾವು ಇಷ್ಟು ಮಂದಿ ಈ ಅಪರಾತ್ರಿಯಲ್ಲಿ ಕೂಡಿದ್ದೀರಿ. ಪಗಾರದ ವಿಷಯಕ್ಕೆ ಸಭೆ ಕರೆದಾಗಲೂ ಇಷ್ಟು ಜನ ಸೇರಿರಲಿಲ್ಲ. ಇದನ್ನು ದೂರಾಗಿ ಹೇಳುವುದಿಲ್ಲ, ಆದರೂ ಹೇಳಿಬಿಟ್ಟೆವು. ವಿಷಯ ಏನೆಂಬುದು ತಮಗೆಲ್ಲ ಗೊತ್ತಿದೆ. ನಮ್ಮ ಸಂಘದ ತರುಣ ಸದಸ್ಯರು ಬರುವ ಫೆಬ್ರವರಿಯಲ್ಲಿ ಮೋಟಾರ್ ಸೈಕಲಿನ ಮೇಲೆ ಗುಂಪಾಗಿ ದೆಹಲಿಯಿಂದ ಮುಂಬಯಿ, ಪುಣೆ, ಬೆಂಗಳೂರು ಮಾರ್ಗವಾಗಿ ಚೆನ್ನೈವರೆಗೆ ದೇಶಯಾತ್ರೆ ಮಾಡಬೇಕೆಂದು ಹೋದ ಸಭೆಯಲ್ಲಿ ಸೂಚನೆ ತಂದರು. ಅದೇ ರಾತ್ರಿ 27 ಜನ ಹೆಸರು ಬರೆಸಿದರು. ಕಾರ್ಯಕಾರಿ ಸಮಿತಿಯವರು, ಇದು ಆಗುವ ಕೆಲಸವೇ, ಆಗುವುದಾದರೆ ಹೇಗೆ ಎಂದು ವಿಚಾರಿಸಿ ತಿಳಿಸಬೇಕೆಂದು ನಮಗೆ ವಹಿಸಿದರು. ವಿಚಾರಿಸಿದ್ದನ್ನು ತಮ್ಮ ಮುಂದೆ ಇಡುತ್ತೇವೆ.

ಮೊದಲು ಹಿರಿಯರ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಗಿರಣಿಯಲ್ಲಿ ದುಡಿದು, 1982ರ ಮುಷ್ಕರವನ್ನೂ ಆಮೇಲಿನ ಗೋಳನ್ನೂ ಕಂಡುಂಡ ನಮ್ಮ ಹಿರಿಯರೊಬ್ಬರು, "ಇದು ಶ್ರೀಮಂತರ ಮಕ್ಕಳ ಶೋಕಿ, ನಮಗೇತಕ್ಕೆ?" ಎಂದರು. ಅವರ ಕಾಲದಲ್ಲಿ ಊರಿಗೆ ಹೋಗುವುದೇ ಒಂದು ದೇಶಯಾತ್ರೆಯಾಗಿತ್ತು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗುವವರೆಗೆ ಕರಾವಳಿಯವರು ಬಸ್ಸಿನಲ್ಲಿ ಕುಲುಕಿ ಕುಲುಕಿ ಊರು ಸೇರುತ್ತಿದ್ದರು. ಅದಕ್ಕೂ ಹಿಂದಿನವರು ಹಡಗಿನಲ್ಲಿ ಬಂದವರು. ಅಂಥವರಿಗೆ ಮೋಜಿಗಾಗಿ ಮೂರು ಸಾವಿರ ಕಿಲೋಮೀಟರ್ ತಿರುಗುವುದು ಹುಚ್ಚಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಹಿರಿಯರಲ್ಲಿ ನಮ್ಮ ಅರಿಕೆ ಒಂದಿದೆ. ಈಗ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಹೊಟೇಲಿನ ಊಟದ ಪೊಟ್ಟಣ ಬೆನ್ನಿಗೆ ಕಟ್ಟಿಕೊಂಡು ಮಳೆ ಬಿಸಿಲೆನ್ನದೆ ದಿನಕ್ಕೆ ನೂರು, ನೂರೈವತ್ತು ಕಿಲೋಮೀಟರ್ ಬೈಕು ಓಡಿಸುತ್ತಾರೆ. ಪರರ ಊಟಕ್ಕಾಗಿ ಓಡಿಸಿದರೆ ಅದು ಕೆಲಸ, ತನ್ನ ಮನಸ್ಸಿಗಾಗಿ ಒಂದು ಸಲ ಓಡಿಸಿದರೆ ಶೋಕಿ ಎನ್ನುವುದು ನ್ಯಾಯವಲ್ಲ. ದೇಶ ನೋಡುವ ಆಸೆ ಕಾರಿನವನಿಗೆ ಮಾತ್ರ ಇರಬೇಕೆಂದು ಯಾರೂ ಬರೆದಿಟ್ಟಿಲ್ಲ.

ಇನ್ನೊಂದು ಪ್ರಯೋಜನವೂ ಇದೆ. ದೆಹಲಿಯಿಂದ ಚೆನ್ನೈಗೆ ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಉದ್ದಕ್ಕೂ, ಅಹಮದಾಬಾದು, ವಡೋದರಾ, ಸೂರತ್ತು, ವಾಪಿ, ಪುಣೆ, ಎಲ್ಲಿ ನೋಡಿದರೂ ಇಡ್ಲಿ ಬೇಯಿಸುವ ಕನ್ನಡದವನೊಬ್ಬ ಸಿಕ್ಕಿಯೇ ಸಿಗುತ್ತಾನೆ. ಅವನಿಗೂ ನಮಗೂ ಗುರುತಿಲ್ಲ. ಪರವೂರಿನಲ್ಲಿ ನಮ್ಮವನೊಬ್ಬ ಜ್ವರದಿಂದ ಮಲಗಿದರೆ, ಎಣ್ಣೆ ಬಾಣಲೆಯಿಂದ ಕೈ ಸುಟ್ಟುಕೊಂಡರೆ, ಯಾರಿಗೆ ಫೋನು ಮಾಡುವುದೆಂದು ತಿಳಿಯದೆ ಊರಿಗೆ ಮಾಡುತ್ತಾನೆ. ಊರಿನವರು ನಮಗೆ ಮಾಡುತ್ತಾರೆ. ನಮಗೂ ಆ ಪಟ್ಟಣದಲ್ಲಿ ಯಾರೂ ಗೊತ್ತಿರುವುದಿಲ್ಲ. ಯಾತ್ರೆ ತಂಗುವ ಪ್ರತಿಯೊಂದು ಊರಿನಲ್ಲಿ ಒಂದು ಸಂಜೆ ಕೂತು, ಆಪತ್ತಿಗೆ ಒದಗುವ ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಬರೆದು ತಂದರೆ ಸಂಘಕ್ಕೆ ಅದೇ ದೊಡ್ಡ ಗಳಿಕೆ. ಬಾವುಟ, ಬ್ಯಾನರು, ಹಾರ ತುರಾಯಿ ಇವೆಲ್ಲ ನಮಗೆ ಬೇಡ. ಬ್ಯಾನರು ಗಾಳಿಗೆ ಸಿಕ್ಕಿದರೆ ಬೈಕು ಬೀಳುತ್ತದೆ, ಅಷ್ಟೆ.

ಕೆಲವು ತಮ್ಮಂದಿರು ಲಡಾಖಿಗೆ ಹೋಗೋಣವೆಂದು ಪಟ್ಟು ಹಿಡಿದಿದ್ದಾರೆ. ಫೋನಿನಲ್ಲಿ ಚಿತ್ರ ನೋಡಿ ಬಂದ ಆಸೆ ಅದು. ಲೇಹ್ ಪಟ್ಟಣವೇ ಸಮುದ್ರಮಟ್ಟಕ್ಕಿಂತ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಖರ್ದೂಂಗ್ ಲಾ ಕಣಿವೆ 5,300 ಮೀಟರ್ ದಾಟುತ್ತದೆ. ಅಲ್ಲಿ ಗಾಳಿ ತೆಳು. ಸಮುದ್ರದಂಡೆಯ ನಾವು ಹೋದ ದಿನವೇ ಓಡಾಡಿದರೆ ತಲೆನೋವು, ವಾಂತಿ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಎರಡು ಮೂರು ದಿನ ಸುಮ್ಮನೆ ಕೂತು ಮೈಗೆ ರೂಢಿ ಮಾಡಿಸಬೇಕು. ಇಲ್ಲಿ ಒಂದು ದಿನದ ರಜೆಗೆ ಮಾಲಕರ ಗಲ್ಲದ ಮುಂದೆ ಅರ್ಧ ಗಂಟೆ ನಿಲ್ಲುವವರು ಅಲ್ಲಿ ಮೂರು ದಿನ ಸುಮ್ಮನೆ ಕೂರಲು ಹೋಗುವುದೇ? ಅದು ಇನ್ನೊಮ್ಮೆ ಆಗಲಿ.

ಈಗ ದಾರಿ. ಈ ಹೆದ್ದಾರಿಯ ಒಟ್ಟು ಉದ್ದ ಸುಮಾರು 2,800 ಕಿಲೋಮೀಟರ್. ನಮ್ಮಲ್ಲಿರುವುದು ನೂರು, ನೂರಿಪ್ಪತ್ತೈದು ಸಿ.ಸಿ.ಯ ಗಾಡಿಗಳು. ಸಾಮಾನು ಹೇರಿ, ನಿಂತು ನಿಂತು ಹೋದರೆ ಗಂಟೆಗೆ ಸರಾಸರಿ 45 ಕಿಲೋಮೀಟರಿಗಿಂತ ಹೆಚ್ಚು ಹಿಡಿಯಬಾರದು. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಟು ಸಂಜೆ ನಾಲ್ಕಕ್ಕೆ ಇಳಿಯಬೇಕಾದರೆ ದಿನಕ್ಕೆ 300 ಕಿಲೋಮೀಟರ್ ಗಡಿ. ಒಬ್ಬ ತಮ್ಮ, "ಅಣ್ಣಾ, ಆರು ನೂರು ಹೊಡೆಯಬಹುದು" ಎಂದ. ಹೊಡೆಯಬಹುದು, ಒಂದು ದಿನ. ಮರುದಿನ ಬೆನ್ನು ಹೇಳುತ್ತದೆ.

ಸಂಘದ ಕಚೇರಿಯಲ್ಲಿ ನಕಾಶೆ ಹಾಸಿ ನಾವು ಹಾಕಿದ ಲೆಕ್ಕ ಹೀಗಿದೆ: ದೆಹಲಿಯಿಂದ ಜೈಪುರ 270. ಅಲ್ಲಿಂದ ಕಿಶನಗಢ, ಭೀಲವಾಡಾ ಮೇಲಾಗಿ ಚಿತ್ತೋಡಗಢ 310; ಇದೇ ಎಲ್ಲಕ್ಕಿಂತ ಉದ್ದದ ದಿನ, ಕಿಶನಗಢದ ಸುತ್ತ ಅಮೃತಶಿಲೆಯ ಲಾರಿಗಳ ಸಾಲು. ಮೂರನೆಯ ದಿನ ಉದಯಪುರಕ್ಕೆ ಬರಿ 115. ಅರ್ಧ ದಿನ ಗಾಡಿಗಳ ತಪಾಸಣೆಗೆ, ಅರ್ಧ ದಿನ ಕೆರೆ ನೋಡುವುದಕ್ಕೆ. ಉದಯಪುರದಿಂದ ಖೇರವಾಡಾ, ಶಾಮಲಾಜಿ ಗುಡ್ಡಗಳನ್ನು ಇಳಿದು ಅಹಮದಾಬಾದಿಗೆ 260. ಸೂರತ್ತಿಗೆ 265, ಮುಂಬಯಿಗೆ 285. ಮುಂಬಯಿಯಲ್ಲಿ ಒಂದು ದಿನ ವಿಶ್ರಾಂತಿ. ಮುಂದೆ ಪುಣೆ 150, ಕೊಲ್ಲಾಪುರ 230, ನಿಪ್ಪಾಣಿ ಬೆಳಗಾವಿ ದಾಟಿ ಹುಬ್ಬಳ್ಳಿ 210, ಚಿತ್ರದುರ್ಗ 205, ಬೆಂಗಳೂರು 200. ಅಲ್ಲಿ ಮತ್ತೊಂದು ದಿನ ವಿಶ್ರಾಂತಿ. ಹೊಸೂರು, ಕೃಷ್ಣಗಿರಿ ಮೇಲಾಗಿ ವೆಲ್ಲೂರು 210, ಕೊನೆಗೆ ಚೆನ್ನೈ 140. ಒಟ್ಟು 15 ದಿನ. ರೈಲಿನಲ್ಲಿ ದೆಹಲಿಗೆ ಹೋಗುವುದು, ಚೆನ್ನೈಯಿಂದ ಹಿಂದಿರುಗುವುದು ಸೇರಿ 20 ದಿನ.

ದಾರಿಯಲ್ಲಿ ಒಂದು ವಿಷಯ ಗಮನದಲ್ಲಿರಲಿ. ದೊಡ್ಡ ಎಕ್ಸ್‌ಪ್ರೆಸ್ ರಸ್ತೆಗಳಲ್ಲಿ ನಮ್ಮ ಎರಡು ಚಕ್ರಕ್ಕೆ ಪ್ರವೇಶವಿಲ್ಲ. ಅಹಮದಾಬಾದು-ವಡೋದರಾ ಎಕ್ಸ್‌ಪ್ರೆಸ್, ದೆಹಲಿ-ಮುಂಬಯಿ ಎಕ್ಸ್‌ಪ್ರೆಸ್, ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಎಲ್ಲವೂ ಹಾಗೆಯೇ. ಆದುದರಿಂದ ನಡಿಯಾದ, ಆಣಂದದ ಹಳೆಯ ರಸ್ತೆ, ಖೋಪೋಲಿ ಲೋಣಾವಳದ ಹಳೆಯ ರಸ್ತೆಯೇ ಗತಿ. ಫೋನಿನ ನಕಾಶೆ ಕಾರಿನವನೆಂದು ತಿಳಿದು ಎಕ್ಸ್‌ಪ್ರೆಸ್ಸಿಗೆ ತಿರುಗಿಸುತ್ತದೆ. ಬೈಕಿನ ಗುರುತು ಒತ್ತಿಟ್ಟುಕೊಳ್ಳಬೇಕು. ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ನಮಗೆ ಸುಂಕವಿಲ್ಲ, ಅಷ್ಟು ಸಮಾಧಾನ. ಹುಬ್ಬಳ್ಳಿ-ಧಾರವಾಡ ಬೈಪಾಸು ಅಪಘಾತಕ್ಕೆ ಹೆಸರಾದದ್ದು. ನಾವು ಊರೊಳಗಿನ ರಸ್ತೆ ಹಿಡಿಯೋಣ, ಹೇಗೂ ಧಾರವಾಡದಲ್ಲಿ ಪೇಡಾ ಕೊಳ್ಳದೆ ಬಂದರೆ ಮನೆಯಲ್ಲಿ ಬೈಯುತ್ತಾರೆ.

ಫೆಬ್ರವರಿಯೇ ಏಕೆ ಎಂದು ಕೇಳಿದ್ದೀರಿ. ದಶಂಬರ ಜನವರಿಯಲ್ಲಿ ದೆಹಲಿ ಸುತ್ತಮುತ್ತ ಹತ್ತು ಮಾರು ಮುಂದೆ ಕಾಣದಂಥ ಮಂಜು. ಏಪ್ರಿಲ್ ಮೇಯಲ್ಲಿ ರಾಜಸ್ಥಾನದ ಬಿಸಿಲು ನಮ್ಮ ಭಟ್ಟಿಗಿಂತ ಕಡಿಮೆಯಿಲ್ಲ. ಜೂನ್ ಮೇಲೆ ಮಳೆ. ದೀಪಾವಳಿಯ ಆಸುಪಾಸು ಹೊಟೇಲುಗಳಲ್ಲಿ ರಜೆಯ ಮಾತೇ ಎತ್ತುವಂತಿಲ್ಲ. ಉಳಿದದ್ದು ಫೆಬ್ರವರಿಯ ಎರಡನೆಯ ಪಕ್ಷ. ಹೋಳಿಯ ದಿನ ರಸ್ತೆಯಲ್ಲಿರಬಾರದು. ತಾರೀಖು ನಿಶ್ಚಯಿಸುವಾಗ ಪಂಚಾಂಗ ನೋಡಿಕೊಳ್ಳೋಣ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಇದನ್ನು ತಾವು ಸಾವಕಾಶವಾಗಿ ಕೇಳಬೇಕು.

ಸರಕಾರದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಸುಮಾರು 75 ಸಾವಿರ ಮಂದಿ ಎರಡು ಚಕ್ರದ ಗಾಡಿಯ ಮೇಲಿದ್ದವರು, ಅಂದರೆ ನೂರಕ್ಕೆ ನಲವತ್ತನಾಲ್ಕು. ಹೆಲ್ಮೆಟ್ ಹಾಕದೆ ಸತ್ತವರು 50 ಸಾವಿರ. ನಮ್ಮಲ್ಲಿ ಒಬ್ಬೊಬ್ಬನ ಹಿಂದೆ ಊರಿನಲ್ಲಿ ನಾಲ್ಕೈದು ಬಾಯಿಗಳಿವೆ. ತಿಂಗಳ ಹತ್ತನೇ ತಾರೀಖಿಗೆ ಹಣ ಹೋಗದಿದ್ದರೆ ಹನ್ನೊಂದನೆಯ ತಾರೀಖಿಗೆ ಫೋನು ಬರುತ್ತದೆ. ಆದುದರಿಂದ ಒಬ್ಬ ಬಿದ್ದರೆ ಏನಾಗುತ್ತದೆ ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಅಪಶಕುನ ಎನ್ನಬೇಡಿ.

ಹೆಸರು ಕೊಟ್ಟ 27 ಜನರ ಗಾಡಿಯ ಕಾಗದಗಳನ್ನು ನಾವು ಕೇಳಿ ನೋಡಿದೆವು. 11 ಜನರ ಗಾಡಿ ಅವರ ಹೆಸರಿನಲ್ಲಿಲ್ಲ. ಕೆಲವು ಮಾಲಕರ ಹೆಸರಿನಲ್ಲಿವೆ, ಕೆಲವು ಭಾವನ ಹೆಸರಿನಲ್ಲಿ. ಉಳಿದವು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವು, ಹಣ ಕೊಟ್ಟಾಯಿತು, ಗಾಡಿ ಬಂದಾಯಿತು, ಆರ್.ಸಿ. ಇನ್ನೂ ಹಳೆಯವನ ಹೆಸರಿನಲ್ಲೇ ಇದೆ. "ಓಡುತ್ತದಲ್ಲ, ಸಾಲದೇ?" ಎಂದರು. ಸಾಲದು.

ಏತಕ್ಕೆಂದರೆ, ಗಾಡಿಗೆ ಕಡ್ಡಾಯವಾದ ವಿಮೆ ಎಂಬುದು ಮೂರನೆಯವನಿಗಾಗಿ ಇರುವುದು. ನಾವು ಯಾರಿಗಾದರೂ ಗುದ್ದಿದರೆ ಅವನಿಗೆ ಹಣ. ಓಡಿಸುವವನಿಗೆ ಬೇರೆ ವಿಮೆ ಇದೆ; ಮಾಲಕ-ಚಾಲಕನ ಅಪಘಾತ ವಿಮೆ ಎಂದು ಅದಕ್ಕೆ ಹೆಸರು, 2018ರಿಂದ ಅದರ ಮೊತ್ತ 15 ಲಕ್ಷ ರೂಪಾಯಿ. ಹೆಸರಿನಲ್ಲೇ ಇದೆ ನೋಡಿ: ಮಾಲಕನೂ ಅವನೇ ಆಗಿರಬೇಕು, ಚಾಲಕನೂ ಅವನೇ ಆಗಿರಬೇಕು, ಲೈಸೆನ್ಸು ಚಾಲ್ತಿಯಲ್ಲಿರಬೇಕು. ಬೇರೆಯವರ ಹೆಸರಿನ ಗಾಡಿ ಓಡಿಸಿ ಸತ್ತವನ ಮನೆಗೆ ಆ ಹಣ ಬರುವುದಿಲ್ಲ. ಇದು ನಮ್ಮ ಕಲ್ಪನೆಯಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಮ್ಮ ಉತ್ತರ ಕರ್ನಾಟಕದ್ದೇ ಒಂದು ಪ್ರಕರಣ ಬಂತು. ಇಳಕಲ್ಲಿನಿಂದ ತನ್ನ ಊರಿಗೆ ಹೊರಟ ಒಬ್ಬಾತ ಪರಿಚಯದವರ ಮೋಟಾರ್ ಸೈಕಲ್ ಎರವಲು ಪಡೆದಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು, ಈತ ಹೋಗಿ ಬಡಿದ, ತೀರಿಕೊಂಡ. ಅವನ ಮನೆಯವರು ಬೈಕಿನ ವಿಮೆಯಿಂದ ಪರಿಹಾರ ಕೇಳಿದರು. ಎರವಲು ಪಡೆದು ಓಡಿಸುವವನು ಗಾಡಿಯ ಮಾಲಕನ ಸ್ಥಾನದಲ್ಲಿ ನಿಂತವನು, ಅವನನ್ನು ಮೂರನೆಯವನೆಂದು ಎಣಿಸಲಾಗದು, ಆದುದರಿಂದ ಅವರು ಕೇಳಿದ ಕಲಮಿನಡಿಯಲ್ಲಿ ಪರಿಹಾರ ಸಲ್ಲದು ಎಂದು ಕೋರ್ಟು ಹೇಳಿತು. ಬೇರೆ ಕಲಮಿನಡಿಯಲ್ಲಿ ಏನಾದರೂ ಬರುತ್ತದೆಯೋ ನೋಡಿ ಎಂದು ಮತ್ತೆ ಕೆಳಕ್ಕೆ ಕಳಿಸಿತು. ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ ಕೈಗೆ ಬಂದದ್ದು ಇಷ್ಟು.

ಆದುದರಿಂದ ಸಮಿತಿಯ ಮುಂದೆ ನಮ್ಮ ಮೊದಲ ಶಿಫಾರಸು: ಆರ್.ಸಿ. ತನ್ನ ಹೆಸರಿನಲ್ಲಿ ಇಲ್ಲದವನು ಯಾತ್ರೆಯಲ್ಲಿಲ್ಲ. ಇದರಲ್ಲಿ ಸಂಘಟಕನ ತಮ್ಮನೆಂದೂ ಇಲ್ಲ, ಅಧ್ಯಕ್ಷರ ಅಳಿಯನೆಂದೂ ಇಲ್ಲ. ಹತ್ತು ತಿಂಗಳು ಕಾಲಾವಕಾಶವಿದೆ, ಹೆಸರಿಗೆ ಮಾಡಿಸಿಕೊಳ್ಳಿ. ಆರ್.ಸಿ. ಹೆಸರಿಗಾದರೆ ಸಾಲದು, ವಿಮೆಯ ಕಾಗದವನ್ನೂ ಹೆಸರಿಗೆ ಮಾಡಿಸಬೇಕು. ಅದಕ್ಕೆ 14 ದಿನದೊಳಗೆ ಅರ್ಜಿ ಕೊಡಬೇಕು. ವಿಮೆಯ ಕಾಗದ ಮನೆಯಲ್ಲಿ ತೆಗೆದು ಓದಿ. ಕೆಲವು ಏಜೆಂಟರು ಕೆಲವು ನೂರು ರೂಪಾಯಿ ಉಳಿಸಿಕೊಡುತ್ತೇವೆಂದು ಈ ಮಾಲಕ-ಚಾಲಕ ವಿಮೆಯನ್ನೇ ಬಿಟ್ಟಿರುತ್ತಾರೆ. ಇದರ ಹೊರತು, ಬ್ಯಾಂಕು ಖಾತೆ ಇರುವ 18ರಿಂದ 70 ವರ್ಷದವರೆಲ್ಲ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಬಹುದು. ಅಪಘಾತದಲ್ಲಿ ಸತ್ತರೆ 2 ಲಕ್ಷ. ಇದು ಯಾತ್ರೆಗೆ ಹೋಗದವರಿಗೂ ಹೇಳುವ ಮಾತು. ಒಂದು ಪ್ಲೇಟು ಪೂರಿಗಿಂತ ಕಡಿಮೆ ಬೆಲೆ.

ಗಾಡಿಯೂ ಹಾಗೆಯೇ ಕಾಗದವಂತನಾಗಿರಬೇಕು. ಹೊಗೆಯ ಪ್ರಮಾಣಪತ್ರ ಬೇಕು, ಹೊಸ ಮಾದರಿಯ ನಂಬರ್ ಪ್ಲೇಟು ಬೇಕು. 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ದೆಹಲಿಯಲ್ಲಿ ಕಿರಿಕಿರಿ. ಅಲ್ಲಿಯ ನಿಯಮ ಮೇಲಿಂದ ಮೇಲೆ ಬದಲಾಗುತ್ತಿರುವುದರಿಂದ ಅಂಥ ಗಾಡಿಯನ್ನು ತರಲೇ ಬೇಡಿ. ರೈಲಿಗೆ ಹಾಕುವಾಗ ಟಾಂಕಿ ಪೂರ್ತಿ ಬರಿದು ಮಾಡಬೇಕು, ಗೋಣಿ ಸುತ್ತಿ ಕಟ್ಟಿಸಬೇಕು, ಆರ್.ಸಿ.ಯ ಪ್ರತಿ ಮತ್ತು ಗುರುತುಚೀಟಿ ಕೊಡಬೇಕು. ದೆಹಲಿಯಲ್ಲಿ ಇಳಿದ ಮೇಲೆ ಪಂಪಿನವರೆಗೆ ತಳ್ಳಬೇಕಾಗುತ್ತದೆ. ದೇಶಯಾತ್ರೆಯ ಮೊದಲ ಒಂದೆರಡು ಕಿಲೋಮೀಟರ್ ಕಾಲ್ನಡಿಗೆ ಎಂದು ತಿಳಿಯಿರಿ.

ರಜೆಯ ವಿಷಯ. ಮಹಾರಾಷ್ಟ್ರದ 2017ರ ಅಂಗಡಿ ಮುಂಗಟ್ಟು ಕಾಯಿದೆಯಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಪಗಾರಿ ರಜೆ ಇದೆ. ಅದನ್ನು 45 ದಿನದವರೆಗೆ ಕೂಡಿಡಬಹುದು. ಇದು ಕಾಯಿದೆ. ಸಣ್ಣ ಹೊಟೇಲುಗಳಿಗೆ ಈ ಕಾಯಿದೆ ಪೂರ್ತಿಯಾಗಿ ತಾಗುವುದಿಲ್ಲ, ದೊಡ್ಡ ಹೊಟೇಲುಗಳಲ್ಲಿಯೂ "ಖಾಡಾ ಹಾಕಿ ಹೋಗು" ಎನ್ನುವುದೇ ರೂಢಿ ಎಂಬುದು ತಮಗೆ ನಮಗಿಂತ ಚೆನ್ನಾಗಿ ಗೊತ್ತು. ಇಪ್ಪತ್ತು ದಿನ ಖಾಡಾ ಬಿದ್ದರೆ ಆ ತಿಂಗಳ ಪಗಾರದಲ್ಲಿ ಉಳಿಯುವುದೇನು? ಆದುದರಿಂದ ಪ್ರತಿಯೊಬ್ಬನ ರಜೆ ಎಷ್ಟು ಕೂಡಿದೆ ಎಂಬುದನ್ನು ಈಗಿನಿಂದಲೇ ಮಾಲಕರಿಂದ ಬರಹದಲ್ಲಿ ತೆಗೆದುಕೊಳ್ಳಬೇಕು. ಸಂಘ ಪತ್ರ ಬರೆಯುತ್ತದೆ. ಬರಹದಲ್ಲಿ ಒಪ್ಪಿಗೆ ಸಿಗದವನು ಕೆಲಸ ಬಿಟ್ಟು ಬರುತ್ತೇನೆಂದರೆ ಅವನನ್ನು ನಾವು ಕರೆದೊಯ್ಯುವುದಿಲ್ಲ. ಹಿಂದಿರುಗಿದ ಮೇಲೆ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಲು ನಾವೇ ತಿರುಗಬೇಕಾಗುತ್ತದೆ.

ಇದರಲ್ಲಿ ಯಾರೂ ಎತ್ತದ ಮಾತು ಒಂದಿದೆ. ನೀವು ಇಪ್ಪತ್ತು ದಿನ ಇಲ್ಲದಿದ್ದರೆ ಮಾಲಕರಿಗೆ ಏನೂ ಆಗುವುದಿಲ್ಲ. ದೋಸೆ ಕಾವಲಿಯ ಮುಂದೆ ನೀವು ನಿಲ್ಲುವ ಜಾಗದಲ್ಲಿ ನಿಮ್ಮ ಜೊತೆಗಾರ ನಿಲ್ಲುತ್ತಾನೆ, ತನ್ನ ಕೆಲಸದ ಮೇಲೆ ನಿಮ್ಮದನ್ನೂ ಮಾಡುತ್ತಾನೆ, ಅವನ ವಾರದ ರಜೆ ಹೋಗುತ್ತದೆ. ಇದನ್ನು ಯೋಚಿಸಿ ನಾವು ಎರಡು ಕಟ್ಟಳೆ ಹಾಕಿದ್ದೇವೆ. ಒಂದು ಹೊಟೇಲಿನಿಂದ ಒಬ್ಬನೇ ಹೊರಡಬೇಕು. ಒಂದೇ ಅಡಿಗೆಮನೆಯಿಂದ ಇಬ್ಬರು ಬೇಡವೇ ಬೇಡ. ಹೊರಡುವವನು ತನ್ನ ಬದಲಿ ಯಾರೆಂದು ಹೆಸರು ಕೊಡಬೇಕು, ಆ ಬದಲಿಯವನು ಇಲ್ಲಿ ಬಂದು ಒಪ್ಪಿಗೆ ಹೇಳಬೇಕು. ಇದರಿಂದ 27ರ ಪಟ್ಟಿ ಹದಿನೈದಕ್ಕೆ ಇಳಿಯುತ್ತದೆಂದು ನಮ್ಮ ಅಂದಾಜು. ಇಳಿಯಲಿ. ಪೂರ್ತಿ ರಜೆ ಸಿಗದವರು ಮುಂಬಯಿಯಿಂದ ಹುಬ್ಬಳ್ಳಿಯವರೆಗೆ ಮೂರು ದಿನ ಜೊತೆ ಬಂದು ಅಲ್ಲಿಂದ ಹಿಂದಿರುಗಬಹುದು. ಅವರಿಗೂ ಎಲ್ಲ ಕಟ್ಟಳೆ ಒಂದೇ.

ಹಣದ ಲೆಕ್ಕ ಹೇಳುತ್ತೇವೆ. ಲೀಟರಿಗೆ 50 ಕಿಲೋಮೀಟರ್, ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಹೆದ್ದಾರಿಗೆ 5,600, ಊರೊಳಗೆ ಸುತ್ತುವುದು ಸೇರಿ 6,000. ಊಟ ತಿಂಡಿಗೆ ದಿನಕ್ಕೆ 300ರಂತೆ 20 ದಿನಕ್ಕೆ 6,000. ಎರಡು ರೈಲು ಪ್ರಯಾಣ, ಗಾಡಿಯ ಸಾಗಣೆ ಸೇರಿ 6,000 ಇಟ್ಟುಕೊಂಡಿದ್ದೇವೆ. ಹೊರಡುವ ಮುಂಚೆ ಎಣ್ಣೆ, ಬ್ರೇಕು, ಟಯರಿಗೆ 3,000. ಆಪತ್ತಿನ ನಿಧಿಗೆ ಒಬ್ಬೊಬ್ಬನಿಂದ 2,000, ಮಿಕ್ಕರೆ ಹಿಂದಕ್ಕೆ. ಒಟ್ಟು 23,000. ಮಲಗುವುದಕ್ಕೆ ಲೆಕ್ಕ ಹಿಡಿದಿಲ್ಲ; ನಮ್ಮವರ ಖೋಲಿ, ಧರ್ಮಶಾಲೆ, ಮಠ ಇದ್ದೇ ಇವೆ. ಇದು ನಮ್ಮಲ್ಲಿ ಬಹಳ ಜನರಿಗೆ ಒಂದು ತಿಂಗಳ ಪಗಾರಕ್ಕಿಂತ ಜಾಸ್ತಿ. ಸಾಲ ಮಾಡಿ ಯಾರೂ ಬರಕೂಡದು. ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವರ ಕಡೆ ತಿರುಗಿಯೂ ನೋಡಬೇಡಿ. ತಿಂಗಳಿಗೆ 2,300ರಂತೆ ಹತ್ತು ತಿಂಗಳು ಸಂಘದಲ್ಲಿ ಭಿಶಿ ಕಟ್ಟಿ. ಎರಡು ತಿಂಗಳು ತಪ್ಪಿದವನ ಹೆಸರು ತೆಗೆದು ಹಣ ಹಿಂದಿರುಗಿಸುತ್ತೇವೆ. ಊರಿಗೆ ಕಳಿಸುವ ಹಣ ಕಡಿಮೆ ಮಾಡಿ ಭಿಶಿ ಕಟ್ಟುವವನನ್ನು ಹುಡುಕುವುದು ಕಷ್ಟ, ಆದರೆ ಅವನ ತಾಯಿಗೆ ಒಂದು ಫೋನು ಮಾಡುವುದು ಸುಲಭ. ಮಾಡುತ್ತೇವೆ.

ರಸ್ತೆಯ ಮೇಲಿನ ನಡವಳಿಕೆ. ಹದಿನೈದು ಗಾಡಿ ಒಂದೇ ಸಾಲಿನಲ್ಲಿ ಹೋದರೆ ಲಾರಿಯವನಿಗೆ ದಾಟಲು ಜಾಗವಿರುವುದಿಲ್ಲ. ಅವನು ಮಧ್ಯದಲ್ಲಿ ನುಗ್ಗುತ್ತಾನೆ. ಆದುದರಿಂದ ಐದೈದರ ಮೂರು ತಂಡ, ತಂಡಕ್ಕೂ ತಂಡಕ್ಕೂ ಹತ್ತು ನಿಮಿಷದ ಅಂತರ. ತಂಡದಲ್ಲಿ ಮುಂದಾಳು ಒಬ್ಬ, ಹಿಂಬಾಲಿ ಒಬ್ಬ. ಹಿಂಬಾಲಿಗೆ ರಿಪೇರಿ ಬಲ್ಲವನೇ ಆಗಬೇಕು. ಕ್ಲಚ್ಚಿನ ತಂತಿ, ಪ್ಲಗ್ಗು, ಟ್ಯೂಬು, ಚೈನಿನ ಕೊಂಡಿ, ಔಷಧದ ಪೆಟ್ಟಿಗೆ ಅವನ ಹತ್ತಿರ. ಅತ್ಯಂತ ನಿಧಾನದವನು ಮುಂದಾಳುವಿನ ಹಿಂದೆಯೇ ಇರಬೇಕು, ಅವನ ವೇಗವೇ ತಂಡದ ವೇಗ. ಒಬ್ಬನ ಹಿಂದೆ ಒಬ್ಬ ನೇರವಾಗಿ ಅಲ್ಲ. ಒಬ್ಬ ಎಡಕ್ಕೆ, ಮುಂದಿನವನು ಬಲಕ್ಕೆ, ಹಾವಿನ ಹೆಜ್ಜೆಯಂತೆ. ಆಗ ಮುಂದಿನವನು ತಟ್ಟನೆ ನಿಂತರೂ ಹಿಂದಿನವನಿಗೆ ಪಕ್ಕದಲ್ಲಿ ಜಾಗವಿರುತ್ತದೆ. ಕನ್ನಡಿಯಲ್ಲಿ ಹಿಂದಿನವನು ಕಾಣುತ್ತಿರಬೇಕು. ಕಾಣದಿದ್ದರೆ ನಿಧಾನಿಸಿ, ಆಗಲೂ ಕಾಣದಿದ್ದರೆ ಬದಿಗೆ ನಿಲ್ಲಿ. ನೀವು ನಿಂತದ್ದನ್ನು ನಿಮ್ಮ ಮುಂದಿನವನು ಕಂಡು ನಿಲ್ಲುತ್ತಾನೆ, ಹೀಗೆ ಕ್ಷಣದಲ್ಲಿ ತಂಡವೆಲ್ಲ ನಿಲ್ಲುತ್ತದೆ. ಫೋನೂ ಬೇಡ, ಕೂಗೂ ಬೇಡ. ಬೆಳಗಿನ ತಿಂಡಿಯ ರಶ್ಶಿನಲ್ಲಿ ನಾವು ಹೊಟೇಲಿನಲ್ಲಿ ಮಾಡುವುದೂ ಇದನ್ನೇ ಅಲ್ಲವೇ? ಸಪ್ಲಾಯರನ ಎರಡೂ ಕೈಯಲ್ಲಿ ತಟ್ಟೆ, ಕ್ಲೀನರನ ಕೈಯಲ್ಲಿ ಬಕೆಟ್ಟು, ಇಕ್ಕಟ್ಟಿನ ಬಾಗಿಲು. ಆದರೂ ಒಬ್ಬರಿಗೊಬ್ಬರು ಬಡಿಯುವುದಿಲ್ಲ. ಬಡಿಯುವುದು ಹೊಸಬ ಮಾತ್ರ, ಅದೂ ಅವಸರ ಮಾಡಿದಾಗ.

ಲಾರಿಯ ಕನ್ನಡಿಯಲ್ಲಿ ನಿಮಗೆ ಚಾಲಕನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಅಂಥ ಜಾಗದಲ್ಲಿ ನಿಲ್ಲಲೇಬೇಡಿ. ಕತ್ತಲಾದ ಮೇಲೆ ಒಂದು ಕಿಲೋಮೀಟರೂ ಓಡಿಸುವಂತಿಲ್ಲ. ಹೆಲ್ಮೆಟ್ಟು ಐ.ಎಸ್.ಐ. ಗುರುತಿನದೇ ಆಗಬೇಕು, ಪಟ್ಟಿ ಬಿಗಿದಿರಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ಟು ಬಿದ್ದಾಗ ತಲೆಗಿಂತ ಮುಂಚೆ ಹಾರಿಹೋಗುತ್ತದೆ. ಕುಡಿತ ಹೊರಟ ದಿನದಿಂದ ಚೆನ್ನೈವರೆಗೆ ನಿಷಿದ್ಧ. ರಾತ್ರಿ ಮುಟ್ಟಿದವನು ಮರುದಿನ ಬೆಳಿಗ್ಗೆ ಗಾಡಿಸಹಿತ ರೈಲಿನಲ್ಲಿ ವಾಪಸು.

ಎಲ್ಲಕ್ಕಿಂತ ನಾವು ಹೆದರುವುದು ನಿದ್ದೆಗೆ. ರಾತ್ರಿ ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಏಳುವವರು ನಾವು. ನಿಂತಲ್ಲೇ ತೂಕಡಿಸುವ ವಿದ್ಯೆ ನಮಗೆ ಗೊತ್ತು, ಅದು ಕಾವಲಿಯ ಮುಂದೆ ನಡೆಯುತ್ತದೆ, ಹೆದ್ದಾರಿಯಲ್ಲಿ ನಡೆಯುವುದಿಲ್ಲ. ಮಧ್ಯಾಹ್ನದ ಊಟ ಹಗುರವಾಗಿರಲಿ. ಊಟದ ಮೇಲೆ ಅರ್ಧ ಗಂಟೆ ಮರದ ಕೆಳಗೆ ಕಣ್ಣು ಮುಚ್ಚುವುದು ಕಡ್ಡಾಯ. ಇದನ್ನು ಸೋಮಾರಿತನ ಎಂದು ನಗುವವನನ್ನೇ ಮೊದಲು ಮಲಗಿಸಬೇಕು. ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿದು ನೀರು ಕುಡಿಯಬೇಕು. ಚೈನಿಗೆ 500 ಕಿಲೋಮೀಟರಿಗೊಮ್ಮೆ ಎಣ್ಣೆ, ಟಯರಿನ ಗಾಳಿ ದಿನಾ ಬೆಳಿಗ್ಗೆ ತಂಪಿರುವಾಗ.

ಒಬ್ಬ ಬಿದ್ದರೆ ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಬೇಕು. ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು, ಕುತ್ತಿಗೆಗೆ ಪೆಟ್ಟಾಗಿರಬಹುದು. ಉಸಿರಿಗೆ ತಡೆಯಾಗಿದ್ದರೆ ಮಾತ್ರ ಇಬ್ಬರು ಹಿಡಿದು ಮೆಲ್ಲನೆ. 112ಕ್ಕೆ ಅಥವಾ ಹೆದ್ದಾರಿಯ 1033ಕ್ಕೆ ಫೋನು. ಆಸ್ಪತ್ರೆಗೆ ಒಯ್ದವನನ್ನು ಪೊಲೀಸರು ಪೀಡಿಸಬಾರದೆಂದು 2019ರ ತಿದ್ದುಪಡಿಯಲ್ಲಿ ಕಾಯಿದೆಯೇ ಆಗಿದೆ. 2025ರ ಮೇಯಲ್ಲಿ ಕೇಂದ್ರ ಸರಕಾರ ತಂದ ಯೋಜನೆಯಂತೆ ರಸ್ತೆ ಅಪಘಾತದವರಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ಹಣ ಕಟ್ಟದೆ ಚಿಕಿತ್ಸೆ ಇದೆ. ಆಸ್ಪತ್ರೆಯವರು ಮುಂಗಡ ಕೇಳಿದರೆ ಈ ಮಾತು ಆಡಿರಿ, ಗಟ್ಟಿಯಾಗಿ ಆಡಿರಿ. ಪ್ರತಿಯೊಬ್ಬನ ಕಿಸೆಯಲ್ಲಿ ರಕ್ತದ ಗುಂಪು, ಮನೆಯ ಫೋನು, ಸಂಘದ ಫೋನು ಬರೆದ ಚೀಟಿ ಕನ್ನಡದಲ್ಲಲ್ಲ, ಹಿಂದಿ ಇಂಗ್ಲಿಷಿನಲ್ಲಿ ಇರಬೇಕು. ಕನ್ನಡದ ಅಭಿಮಾನ ಬೇರೆ ಕಡೆ ತೋರಿಸೋಣ.

ಕ್ಯಾಂಟೀನು ಕೆಲಸದ ಇಬ್ಬರು ಸೋದರಿಯರೂ ಹೆಸರು ಕೊಟ್ಟಿದ್ದಾರೆ. ಇಬ್ಬರ ಗಾಡಿಯೂ ಅವರವರ ಹೆಸರಿನಲ್ಲಿದೆ, ಲೈಸೆನ್ಸು ಸರಿಯಿದೆ, ಮಾಲಕ-ಚಾಲಕ ವಿಮೆಯೂ ಇದೆ. "ಹೆಂಗಸರು ಹೇಗೆ?" ಎಂದು ಗೊಣಗಿದ ಮಹನೀಯರ ಕಾಗದಗಳಲ್ಲಿ ಮೂರರಲ್ಲಿ ಎರಡು ಇಲ್ಲ. ಈ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕೆಂದು ನಮಗೆ ತೋರುವುದಿಲ್ಲ.

ಹೆಸರು ಬರೆಸುವುದು ಬರುವ ಗುರುವಾರ ರಾತ್ರಿ ಹತ್ತೂವರೆಯ ಮೇಲೆ ಸಂಘದ ಕಚೇರಿಯಲ್ಲಿ. ಹಳೆಯ ಪಟ್ಟಿ ರದ್ದಾಯಿತು. ಆರ್.ಸಿ., ಲೈಸೆನ್ಸು, ವಿಮೆಯ ಕಾಗದ ಈ ಮೂರನ್ನೂ, ಜೊತೆಗೆ ಬದಲಿಯವನನ್ನೂ ಕರೆತರಬೇಕು. ಗಾಡಿ ಹೆಸರಿಗೆ ಮಾಡಿಸುವ ಅರ್ಜಿ ತುಂಬಲು ಬಾರದವರಿಗೆ ರಾತ್ರಿ ಶಾಲೆಯ ಮಾಸ್ತರರು ತುಂಬಿಕೊಡಲು ಒಪ್ಪಿದ್ದಾರೆ. ಆದರೆ ಅವರು ಹನ್ನೊಂದೂವರೆಗೆ ಎದ್ದು ಹೋಗುತ್ತಾರೆ, ಚಹಾ ಕುಡಿಸಿ ಕೂರಿಸಿಕೊಳ್ಳಬೇಡಿ, ಅವರ ಮನೆ ಡೊಂಬಿವಲಿಯಲ್ಲಿದೆ.